ತೊಂಬೆಯ ಲೋಳೆ ಮತ್ತು ಅಮೀಬಾ
(ಸಂಘದ ರಜತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ತೊಂಬೆಗೆ ಬ್ಲೀಚಿಂಗ್ ಪೌಡರ್ ಹಾಕಿದ ಮೇಲೆ ಮತ್ತೆ ಒಳಗಿಳಿದು ಯಾಕಪ್ಪಾ ಉಜ್ಜಬೇಕು, ಸುಮ್ನೆ ನೀರು ನಿಲ್ಲಿಸ್ತೀರಿ ಅಂತ ಸದಸ್ಯರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರ ಹೇಳುವ ಸಲುವಾಗಿ ನಾವು ಈ ವಿಷಯ ಆರಿಸಿಕೊಂಡಿದ್ದೇವೆ.

ಶಾಲೆಯಲ್ಲಿ ಅಮೀಬಾ ಚಿತ್ರ ಬರೆದು ಅಂಕ ತೆಗೆದುಕೊಂಡವರೇ ನಾವೆಲ್ಲಾ. ಕೆರೆ, ಮಣ್ಣು, ತೊಂಬೆ ಗೋಡೆಯ ಲೋಳೆ, ಎಲ್ಲಾ ಕಡೆ ಇರುವ ಒಂದೇ ಕೋಶದ ಜೀವಿ ಅದು. ಬ್ಯಾಕ್ಟೀರಿಯಾ ನುಂಗಿ ಬದುಕುತ್ತದೆ. ಆದರೆ ಕೆಲವು ಬ್ಯಾಕ್ಟೀರಿಯಾ ಅದಕ್ಕೆ ಅರಗುವುದಿಲ್ಲ. ಒಳಗೇ ಬೆಳೆದು, ನೂರಾರಾಗಿ, ಕೊನೆಗೆ ಅಮೀಬಾವನ್ನೇ ಒಡೆದುಕೊಂಡು ಹೊರಗೆ ಬರುತ್ತವೆ.

1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸಮಾವೇಶಕ್ಕೆ ಸೇರಿದ್ದ ಮಾಜಿ ಸೈನಿಕರಿಗೆ ವಿಚಿತ್ರ ನ್ಯುಮೋನಿಯ ಬಂತು. 29 ಜನ ತೀರಿಕೊಂಡರು. ಮುಂದಿನ ಜನವರಿಯಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಅದು ಅಮೀಬಾದೊಳಗೆ ಬೆಳೆಯುತ್ತದೆ ಎಂದು 1980ರಲ್ಲಿ ಇಂಗ್ಲೆಂಡಿನ ರೌಬಾಥಮ್ ತೋರಿಸಿದರು. ಇದು ನೀರಿನ ಸಣ್ಣ ತುಂತುರನ್ನು ಉಸಿರಾಡಿದಾಗ ಬರುವ ರೋಗ. 2024ರಲ್ಲಿ ಕೇರಳದಲ್ಲಿ ಮಕ್ಕಳ ಜೀವ ತೆಗೆದ ಮಿದುಳು ಜ್ವರದ ಅಮೀಬಾ ಬೇರೆ. ಅದು ಮೂಗಿನಿಂದ ತಾನೇ ಒಳಗೆ ಹೋಗುತ್ತದೆ. ಎರಡನ್ನೂ ಒಂದು ಮಾಡಿಕೊಂಡು ಹೆದರಬೇಡಿ.

ಈಗ ಪೌಡರಿನ ಮಾತು. ಕಷ್ಟ ಕಾಲ ಬಂದರೆ ಅಕಾಂತಮೀಬಾ ಜಾತಿಯ ಅಮೀಬಾ ಗಟ್ಟಿ ಕವಚ ಕಟ್ಟಿಕೊಂಡು ಮಲಗಿಬಿಡುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ನಿಯಮ. 1990ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 50 ಮಿಲಿಗ್ರಾಂ ಹಾಕಿದರೂ ಕವಚದೊಳಗಿನ ಲೀಜಿಯೊನೆಲ್ಲಾ ಸಾಯಲಿಲ್ಲ. 250 ಪಟ್ಟು, ಲೆಕ್ಕ ಹಾಕಿ ನೋಡಿ!

ಯಾವ ಅಮೀಬಾದೊಳಗೆ ಯಾವ ಬ್ಯಾಕ್ಟೀರಿಯಾ ಇದೆ ಎಂದು ತಿಳಿಯುವುದು ಹೇಗೆ? ಸೂಕ್ಷ್ಮದರ್ಶಕದಲ್ಲಿ ಎಲ್ಲಾ ಒಂದೇ ಥರ ಕಾಣುತ್ತವೆ. ಜೀನ್ ನೋಡಿದರೆ ಮಾತ್ರ ಅಕಾಂತಮೀಬಾ ಒಂದರಲ್ಲೇ 20ಕ್ಕೂ ಹೆಚ್ಚು ಬಗೆ. ಅದಕ್ಕೆ ವಿಜ್ಞಾನಿಗಳು ಪ್ರೋಬ್ ಮಾಡಿಕೊಂಡಿದ್ದಾರೆ. ಒಂದು ಜೀವಿಯ ಆರ್.ಎನ್.ಎ.ಗೆ ಮಾತ್ರ ಜೋಡಿಯಾಗುವಂಥ ಚಿಕ್ಕ ಡಿ.ಎನ್.ಎ. ತುಣುಕಿಗೆ ಹೊಳೆಯುವ ಬಣ್ಣ ಕಟ್ಟಿ ಬಿಡುತ್ತಾರೆ. ವಿಮೆ ಹಸುವಿನ ಕಿವಿ ಓಲೆ ಇದೆಯಲ್ಲ, ಆ ಓಲೆ ತಾನೇ ತನ್ನ ಹಸು ಹುಡುಕಿಕೊಂಡು ಹೋಗಿ ಕೂತರೆ ಹೇಗೋ ಹಾಗೆ. ಅಮೀಬಾಗೆ ಒಂದು ಬಣ್ಣ, ಒಳಗಿನ ಬ್ಯಾಕ್ಟೀರಿಯಾಗೆ ಇನ್ನೊಂದು. ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ ಸಿಕ್ಕದೆ ಅಡಗಿದ್ದದ್ದೂ ಇದರಲ್ಲಿ ಹೊಳೆದು ಕಾಣುತ್ತದೆ.

ಇದು ದೊಡ್ಡ ಪ್ರಯೋಗಶಾಲೆಯ ಕೆಲಸ. ನಮ್ಮ ಕೈಲಿರುವುದು ಬ್ರಷ್ಷು. ಲೋಳೆ ಹೋದರೆ ಅಮೀಬಾಗೆ ಮೇವೂ ಇಲ್ಲ, ಮನೆಯೂ ಇಲ್ಲ. ಆದ್ದರಿಂದ ಮೊದಲು ತೊಂಬೆ ಖಾಲಿ ಮಾಡಿ ಉಜ್ಜಿ ತೊಳೆಯುವುದು, ಪೌಡರ್ ಆಮೇಲೆ. ಹಾಲಿನ ಕ್ಯಾನ್ ತೊಳೆಯುವ ಪೈಪಿಗೂ ಇದೇ ಕ್ರಮ. ಉಜ್ಜುವ ದಿನ ಬೆಳಗಿನ ಹಾಲು ಅಳೆದಾದ ಮೇಲೆ ನೀರು ನಿಲ್ಲಿಸುತ್ತೇವೆ, ದನಕರುಗಳಿಗೆ ಬೇಕಾದಷ್ಟು ಮೊದಲೇ ಹಿಡಿದಿಟ್ಟುಕೊಳ್ಳಿ.