ಐದು ತಾಲೂಕು, ಐವರ ಆಟ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಿಂದ ಬಂದಿರುವ ದೈಹಿಕ ಶಿಕ್ಷಕರೆ, ಆಟಗಾರರೆ,

ಭಾರತಕ್ಕೆ ಒಂದು ಗಟ್ಟಿಯಾದ ರಾಷ್ಟ್ರೀಯ ಫುಟ್ಸಾಲ್ ಲೀಗ್ ಬೇಕು. ಅದರ ಕೆಲಸ ಮಹಾನಗರದಲ್ಲಲ್ಲ, ನಮ್ಮಂಥ ತಾಲೂಕುಗಳಲ್ಲಿ ಶುರುವಾಗಬೇಕು. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ.

1930ರಲ್ಲಿ ಉರುಗ್ವೆ ದೇಶದ ಮೊಂಟೆವಿಡಿಯೊ ನಗರದಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬ ವೈ.ಎಂ.ಸಿ.ಎ. ಶಿಕ್ಷಕರು ಫುಟ್‌ಬಾಲನ್ನು ಬಾಸ್ಕೆಟ್‌ಬಾಲ್ ಅಂಕಣಕ್ಕೆ ಒಗ್ಗಿಸಿದರು. ಹೀಗೆ ಫುಟ್ಸಾಲ್ ಹುಟ್ಟಿದ್ದೇ ಜಾಗದ ಅಭಾವದಿಂದ. ಗೋಲ್‌ಕೀಪರ್ ಸೇರಿ ಐವರು, 20 ನಿಮಿಷಗಳ ಎರಡು ಅವಧಿ, ಹೆಚ್ಚು ಪುಟಿಯದ ನಾಲ್ಕನೇ ಸೈಜಿನ ಚೆಂಡು. ಹೊರಹೋದ ಚೆಂಡನ್ನು ಗೆರೆಯ ಮೇಲಿಂದ ಒಳಗೆ ಒದೆಯುವ ಕಿಕ್-ಇನ್ ಸಿಕ್ಕ ಹುಡುಗನನ್ನು ಗಮನಿಸಿ: ಪಕ್ಕದಲ್ಲೇ ರೆಫರಿ ಕೈ ಎತ್ತಿ ಬೆರಳು ಬಿಚ್ಚುತ್ತ ಎಣಿಸುತ್ತಾರೆ. ನಾಲ್ಕು ಸೆಕೆಂಡಿನಲ್ಲಿ ಒದೆಯದಿದ್ದರೆ ಚೆಂಡು ಎದುರಾಳಿಯದು. ಒಳಗೆ ನಿಂತವನು ಗೋಲಿಗೆ ಬೆನ್ನು ಕೊಟ್ಟು, ಅಂಗಾಲಿನಲ್ಲಿ ಚೆಂಡನ್ನು ಅದುಮಿ ಹಿಡಿದು, ಹಿಂದಿನವನ ಭಾರವನ್ನು ಸೊಂಟದ ಮೇಲೆ ತಾಳಿಕೊಂಡು ತಟ್ಟನೆ ತಿರುಗಿಬಿಡುತ್ತಾನೆ. ಗರಡಿಯ ಕೆಮ್ಮಣ್ಣಿನಲ್ಲಿ ಬೆಳೆದ ನಮ್ಮ ಹುಡುಗರಿಗೆ ಈ ಸೊಂಟದ ಕೆಲಸ ಕಲಿಸಿಕೊಡಬೇಕಾಗಿಲ್ಲ.

ನಮ್ಮ ದೇಶದಲ್ಲಿ ಈ ಆಟಕ್ಕೆ ಮೊದಲು ದೊಡ್ಡ ಬೆಳಕು ಬಿದ್ದದ್ದು 2016ರ ಜುಲೈಯಲ್ಲಿ. ಪ್ರೀಮಿಯರ್ ಫುಟ್ಸಾಲ್ ಎಂಬ ಹೆಸರಿನಲ್ಲಿ ಚೆನ್ನೈ ಮತ್ತು ಗೋವಾಗಳಲ್ಲಿ ಪಂದ್ಯಗಳಾದವು. ಬ್ರೆಜಿಲಿನ ಫಾಲ್ಕಾವೊ, ರೊನಾಲ್ಡಿನೊ, ವೇಲ್ಸ್‌ನ ರಯಾನ್ ಗಿಗ್ಸ್ ಬಂದರು. ಬೆಂಗಳೂರು ತಂಡಕ್ಕೆ ಪಾಲ್ ಸ್ಕೋಲ್ಸ್ ಬಂದರು. ಆದರೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿನ ಮಾನ್ಯತೆ ಅದಕ್ಕೆ ಇರಲಿಲ್ಲ. 2017ರಲ್ಲಿ ಎರಡನೇ ಸಲ ನಡೆದು ಅಲ್ಲಿಗೇ ನಿಂತಿತು. ತಾರೆಯರು ಬಂದಾಗ ಜನ ಸೇರುತ್ತಾರೆ, ನಿಜ. ಆ ಜನರ ಮಕ್ಕಳು ಮರುದಿನ ಸಂಜೆ ಯಾವ ಅಂಕಣಕ್ಕೆ ಹೋಗಿ ಆಡಬೇಕು? ಆ ಪ್ರಶ್ನೆಗೆ ಯಾರೂ ಉತ್ತರ ಹುಡುಕಲಿಲ್ಲ.

2021ರಲ್ಲಿ ಫೆಡರೇಶನ್ ತಾನೇ ಮುಂದಾಗಿ ದೆಹಲಿಯಲ್ಲಿ ಫುಟ್ಸಾಲ್ ಕ್ಲಬ್ ಚಾಂಪಿಯನ್‌ಶಿಪ್ ಆರಂಭಿಸಿತು. ದೆಹಲಿ ಎಫ್‌ಸಿ ಮೊದಲ ಚಾಂಪಿಯನ್ ಆಯಿತು. 2023ರಲ್ಲಿ ಭಾರತದ ಫುಟ್ಸಾಲ್ ತಂಡ ತಜಿಕಿಸ್ತಾನದ ದುಶಾಂಬೆಯಲ್ಲಿ ಏಷ್ಯನ್ ಕಪ್ ಅರ್ಹತಾ ಪಂದ್ಯಗಳನ್ನು ಆಡಿತು. ಇವು ಒಳ್ಳೆಯ ಹೆಜ್ಜೆಗಳು. ಆದರೆ ಚಾಂಪಿಯನ್‌ಶಿಪ್ ಬೇರೆ, ಲೀಗ್ ಬೇರೆ. ಒಂದರಲ್ಲಿ ಕೆಲವು ದಿನ ಒಂದೂರಿನಲ್ಲಿ ಕೂಡಿ ಆಡಿ ಚದುರುತ್ತಾರೆ. ಇನ್ನೊಂದರಲ್ಲಿ ವಾರ ವಾರ ಆಡುತ್ತಾರೆ, ಸೋತವರಿಗೂ ಮುಂದಿನ ವಾರ ಇರುತ್ತದೆ. ಜಪಾನಿನಲ್ಲಿ 2007ರಲ್ಲಿ ಎಫ್ ಲೀಗ್ ಆರಂಭವಾಯಿತು. ಮೊದಲ 9 ಸಲವೂ ನಗೋಯಾ ಓಷನ್ಸ್ ತಂಡವೇ ಗೆದ್ದಿತು. ಲೀಗ್ ಮಾತ್ರ ನಿಲ್ಲಲಿಲ್ಲ.

ಅಷ್ಟು ದೂರ ಹೋಗುವುದೇಕೆ? ನಿಪ್ಪಾಣಿಯಿಂದ ಹೆದ್ದಾರಿ ಹಿಡಿದರೆ ಒಂದು ತಾಸಿನಲ್ಲಿ ಕೊಲ್ಹಾಪುರ. ಅಲ್ಲಿಯ ಫುಟ್‌ಬಾಲ್ ತಂಡಗಳ ಹೆಸರು ಕೇಳಿ: ಪಾಟಾಕಡೀಲ್ ತಾಲೀಮ್ ಮಂಡಳ, ಖಂಡೋಬಾ ತಾಲೀಮ್ ಮಂಡಳ, ಬಾಲಗೋಪಾಲ್ ತಾಲೀಮ್, ದಿಲ್‌ಬಹಾರ್ ತಾಲೀಮ್. ಕುಸ್ತಿಯ ತಾಲೀಮುಗಳೇ, ಅಂದರೆ ಗರಡಿಗಳೇ, ಫುಟ್‌ಬಾಲಿಗೂ ಮನೆಯಾದವು. ಪೇಟೆಗೊಂದು ತಂಡ, ತಂಡಕ್ಕೊಂದು ಬಣ್ಣ, ಆ ಬಣ್ಣಕ್ಕೆ ಅಜ್ಜ-ಮೊಮ್ಮಗ ಇಬ್ಬರ ನಿಷ್ಠೆ. ಶಾಹು ಸ್ಟೇಡಿಯಂನಲ್ಲಿ ಸ್ಥಳೀಯ ಪಂದ್ಯವಿದ್ದರೂ ಜನ ಕಿಕ್ಕಿರಿಯುತ್ತಾರೆ. 2017ರಲ್ಲಿ ಭಾರತದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ನಮ್ಮ ದೇಶಕ್ಕೆ ಆಡಿದ ಅನಿಕೇತ್ ಜಾಧವ್ ಆ ಊರಿನವರು. ಹಣ ಹಾಕುವವರು ಬರುತ್ತಾರೆ, ಹೋಗುತ್ತಾರೆ. ಓಣಿ ಇದ್ದಲ್ಲೇ ಇರುತ್ತದೆ. ಲೀಗ್ ನಿಲ್ಲಬೇಕಾದದ್ದು ಓಣಿಯ ಮೇಲೆ.

ಗರಡಿ ಮನೆಗಳು ನಮ್ಮಲ್ಲೂ ಇವೆ. ಅವುಗಳ ಜೊತೆಗೆ ಯುವಕ ಮಂಡಳಿಗಳಿವೆ, ಕಾಲೇಜುಗಳಿವೆ, ಸಹಕಾರಿ ಸಕ್ಕರೆ ಕಾರ್ಖಾನೆಗಳಿವೆ. ಶಾಲಾ ಕ್ರೀಡಾಕೂಟಗಳಲ್ಲಿ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಹೆಸರಿನಲ್ಲಿ ನಮ್ಮ ಮಕ್ಕಳು ಬೇರೆ ತಂಡವಾಗಿ ರಾಜ್ಯಮಟ್ಟಕ್ಕೆ ಹೋಗುತ್ತಾರೆ. ಅಂದರೆ ಲೀಗಿನ ಚೌಕಟ್ಟು ಈಗಾಗಲೇ ನಮ್ಮ ಕೈಯಲ್ಲಿದೆ.

ಮಣ್ಣಿನ ಮಾತೂ ಇದೆ. ಜೂನ್ ಕಳೆದ ಮೇಲೆ ನಮ್ಮ ಎರೆಭೂಮಿಯ ಮೈದಾನದಲ್ಲಿ ಕಾಲಿಟ್ಟರೆ ಬೂಟು ಹೂತುಹೋಗುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ದಂಡೆ ಮೀರಿ ಬಂದದ್ದನ್ನು ನೀವೆಲ್ಲ ಕಂಡವರು. ಮಳೆಗಾಲದಲ್ಲಿ ಇಲ್ಲಿ ಫುಟ್‌ಬಾಲ್ ಎಂದರೆ ಮನೆಯಲ್ಲಿ ಕೂರುವುದು. ಆದರೆ ಫುಟ್ಸಾಲಿಗೆ ಅದೇ ಹಂಗಾಮು. ನುಣುಪಾದ ಗಟ್ಟಿ ನೆಲ, ಮೇಲೆ ಪತ್ರಾಸಿನ ಚಾವಣಿ ಇದ್ದರೆ ಸಾಕು. ಹೊಸದಾಗಿ ಕಟ್ಟಲೇಬೇಕೆಂದೂ ಇಲ್ಲ: ಹ್ಯಾಂಡ್‌ಬಾಲ್ ಅಂಕಣ 40 ಮೀಟರ್ ಉದ್ದ, 20 ಮೀಟರ್ ಅಗಲ; ಅದು ಫುಟ್ಸಾಲಿಗೂ ಸರಿಹೊಂದುವ ಅಳತೆ. 3 ಮೀಟರ್ ಅಗಲ, 2 ಮೀಟರ್ ಎತ್ತರದ ಗೋಲ್‌ಪೋಸ್ಟ್ ಕೂಡ ಎರಡಕ್ಕೂ ಒಂದೇ. ಹ್ಯಾಂಡ್‌ಬಾಲ್ ಅಂಕಣಕ್ಕೆ ಚಾವಣಿ ಇರುವ ಶಾಲೆ ಗೆರೆ ಎಳೆಸುವ ಬಣ್ಣಕ್ಕಷ್ಟೇ ಖರ್ಚು ಮಾಡಬೇಕು.

ನಮ್ಮ ಐದು ತಾಲೂಕುಗಳಲ್ಲಿ ತಾಲೂಕಿಗೊಂದು ತಂಡ, ತನ್ನ ಊರಲ್ಲೊಮ್ಮೆ, ಎದುರಾಳಿಯ ಊರಲ್ಲೊಮ್ಮೆ ಆಡಿದರೆ ತಂಡಕ್ಕೆ 8 ಪಂದ್ಯ, ಒಟ್ಟು 20. ಅಥಣಿಯ ಹುಡುಗರು ರಾಯಬಾಗದಲ್ಲಿ ಆಡಿ ರಾತ್ರಿ ಊಟಕ್ಕೆ ಮನೆ ಸೇರಬಹುದು. ಹುಡುಗಿಯರ ಲೀಗೂ ಅದೇ ದಿನ, ಅದೇ ಅಂಕಣದಲ್ಲಿ ಮೊದಲ ವರ್ಷದಿಂದಲೇ ನಡೆಯಬೇಕು. ಮುಂದೆ ನೋಡೋಣ ಎಂದರೆ ಅದು ಆಗುವುದೇ ಇಲ್ಲ. ಮನೆಯಲ್ಲಿ ಕನ್ನಡವೋ ಮರಾಠಿಯೋ, ಅಂಕಣದಲ್ಲಿ ಒಂದೇ ಅಂಗಿ. ಗೆದ್ದವರಿಗೆ ರಾಜ್ಯ ಫುಟ್‌ಬಾಲ್ ಸಂಸ್ಥೆ ದಾರಿ ಮಾಡಿಕೊಡಬೇಕು, ಅಲ್ಲಿಂದ ರಾಷ್ಟ್ರೀಯ ಲೀಗಿಗೆ. ಎಲ್ಲ ಜಿಲ್ಲೆಗಳಲ್ಲೂ ಹೀಗಾದರೆ ಆ ಲೀಗನ್ನು ಯಾರೂ ನಿಲ್ಲಿಸಲಾರರು.

ಗರಡಿಯ ಪಂಚರಲ್ಲಿ, ಕಾರ್ಖಾನೆಗಳ ಆಡಳಿತ ಮಂಡಳಿಗಳಲ್ಲಿ, ಕಾಲೇಜಿನ ಪ್ರಾಚಾರ್ಯರಲ್ಲಿ ಕೈಮುಗಿದು ಕೇಳುತ್ತೇನೆ: ಬರುವ ಮಳೆಗಾಲಕ್ಕೆ ಮುಂಚೆ ತಾಲೂಕಿಗೊಂದು ಅಂಕಣ ಸಜ್ಜುಮಾಡಿ ಕೊಡಿ. ದೈಹಿಕ ಶಿಕ್ಷಕರೆ, ನೀವು ಈಗಲೇ ರೆಫರಿ ನಿಯಮಗಳನ್ನು ಓದಲು ತೊಡಗಿ.