ಸೇವೆ ಯಾರದು, ಲಾಭ ಯಾರದು?

(ಕಾರ್ಯಕರ್ತರ ಸಭೆಯಲ್ಲಿ ಆಡಿದ ಮಾತು)



ದೇಶದ ವರಮಾನದಲ್ಲಿ ಅರ್ಧಕ್ಕಿಂತ ಹೆಚ್ಚು ಸೇವಾ ವಲಯದ್ದೇ ಅಂತ ಸರ್ಕಾರ ಹೆಮ್ಮೆಯಿಂದ ಹೇಳುತ್ತೆ. ಬ್ಯಾಂಕು, ಸಾಫ್ಟ್‌ವೇರು, ಹೋಟೆಲು, ಸಾರಿಗೆ, ಕಾವಲು, ಕಸ ಗುಡಿಸೋದು ಎಲ್ಲಾ ಇದರೊಳಗೇ ಬರುತ್ತೆ. ಸೇವೆ ಅನ್ನೋ ಪದ ನಮಗೆ ಹೊಸದಲ್ಲ. ಮನು ಅದನ್ನ ಶೂದ್ರರ ಹಣೆಗೆ ಬರೆದ, ನಮ್ಮನ್ನ ಊರಾಚೆ ನಿಲ್ಲಿಸಿದ. ಅದಕ್ಕೇ ಈ ಪದ ಕಂಡಾಗ ನಾವು ಕೇಳಬೇಕು: ಯಾರು ಯಾರ ಸೇವೆ ಮಾಡ್ತಿದ್ದಾರೆ?

ಇಂಗ್ಲೆಂಡಿನಲ್ಲಿ ಜನ ಹೊಲ ಬಿಟ್ಟು ಮೊದಲು ಕಾರ್ಖಾನೆಗೆ ಹೋದರು. ತಲೆಮಾರುಗಟ್ಟಲೆ ದುಡಿದು, ಸಂಘ ಕಟ್ಟಿ, ಕೂಲಿ ಏರಿಸಿಕೊಂಡರು. ಯಂತ್ರ ಬೆಳೆದು ಕಡಿಮೆ ಕೈ ಸಾಕಾದ ಮೇಲೆ ಆಫೀಸು, ಅಂಗಡಿ, ಆಸ್ಪತ್ರೆಗಳ ಕಡೆ ಬಂದರು. ನಮ್ಮಲ್ಲಿ ಆ ನಡುವಿನ ಮೆಟ್ಟಿಲು ಗಟ್ಟಿಯಾಗಲೇ ಇಲ್ಲ. ಇವತ್ತಿಗೂ ದುಡಿಯುವ 100 ಜನರಲ್ಲಿ 40ಕ್ಕೂ ಹೆಚ್ಚು ಮಂದಿ ಬೇಸಾಯದಲ್ಲೇ ಇದ್ದಾರೆ. ವರಮಾನದಲ್ಲಿ ತಯಾರಿಕೆಯ ಪಾಲು ಐದನೇ ಒಂದು ಭಾಗಕ್ಕಿಂತ ಕಡಿಮೆ.

ಬೆಂಗಳೂರನ್ನೇ ನೋಡಿ. 1953ರಲ್ಲಿ ಎಚ್‌ಎಂಟಿ ಹುಟ್ಟಿತು, 1961ರಲ್ಲಿ ಅದರ ಗಡಿಯಾರ ಕಾರ್ಖಾನೆ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಾಲಿಟ್ಟಿತು, ಹಿಂದೆಯೇ ಸಾಫ್ಟ್‌ವೇರ್ ಕಂಪನಿಗಳ ಸಾಲು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚೋದಕ್ಕೆ ಕೇಂದ್ರ ಸರ್ಕಾರ ಒಪ್ಪಿತು. ಪೀಣ್ಯದಲ್ಲಿ ಯಂತ್ರ ಇನ್ನೂ ತಿರುಗ್ತಿದೆ, ಗಾರ್ಮೆಂಟ್ಸ್‌ಗೆ ಹೆಣ್ಣುಮಕ್ಕಳು ಹೋಗ್ತಾನೇ ಇದ್ದಾರೆ. ಆದರೆ ಊರಿನ ದುಡ್ಡು ಬೇರೆ ಕಡೆ ಹರೀತಿದೆ.

ಕಾರ್ಖಾನೆ ಏನು ಸ್ವರ್ಗವಾಗಿರಲಿಲ್ಲ. ಮುಂಬಯಿ ಗಿರಣಿಗಳ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರನ್ನ ಸೇರಿಸ್ತಿರಲಿಲ್ಲ. ನೂಲನ್ನ ಬಾಯಲ್ಲಿ ಎಳೀಬೇಕು, ಎಂಜಲು ಮೈಲಿಗೆ ಅಂತ. ಹೆಚ್ಚು ಕೂಲಿ ಸಿಗ್ತಿದ್ದದ್ದು ಅಲ್ಲೇ. 1928ರ ಮುಷ್ಕರದ ಹೊತ್ತಿನಲ್ಲಿ ಬಾಬಾಸಾಹೇಬರು ಕಾರ್ಮಿಕ ನಾಯಕರನ್ನೇ ಈ ಬಗ್ಗೆ ಪ್ರಶ್ನೆ ಮಾಡಿದರು. ಸ್ವಾತಂತ್ರ್ಯದ ನಂತರ ಸರ್ಕಾರಿ ಕಾರ್ಖಾನೆಯಲ್ಲಿ ಮೀಸಲಾತಿ ಬಂತು. ಐಟಿಐ ಓದಿದ ಕೇರಿಯ ಹುಡುಗನಿಗೆ ಪಿಎಫ್, ಇಎಸ್‌ಐ, ಸಂಘ ಸಿಕ್ಕಿತು. ಅವನ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದರು.

ಈಗಿನ ಸೇವಾ ವಲಯ ಎರಡು ಹೋಳಾಗಿದೆ. ಮೇಲಿನ ಹೋಳಿಗೆ ಇಂಗ್ಲಿಷ್ ಬೇಕು, ದುಬಾರಿ ಡಿಗ್ರಿ ಬೇಕು, ಒಳಗಿರೋರ ಪರಿಚಯ ಬೇಕು. ಕೆಳಗಿನ ಹೋಳಿಗೆ ಪೊರಕೆ, ಲಾಠಿ, ಊಟ ಹೊರುವ ಚೀಲ. ನಡುವೆ ಏಣಿ ಇಲ್ಲ. ಖಾಸಗಿ ಕಂಪನಿಯ ಗೇಟಿನಲ್ಲಿ ಮೀಸಲಾತಿ ನಿಂತುಬಿಡುತ್ತೆ.

ಲೆಕ್ಕದ ಚಮತ್ಕಾರ ಒಂದಿದೆ, ಕೇಳಿ. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಜಾಡಮಾಲಿಯನ್ನ ಕೈಗಾರಿಕೆಯ ನೌಕರ ಅಂತ ಎಣಿಸ್ತಿದ್ದರು. ಅದೇ ಕೆಲಸವನ್ನ ಗುತ್ತಿಗೆ ಏಜೆನ್ಸಿಗೆ ಕೊಟ್ಟ ದಿನ ಅವನು ಸೇವಾ ವಲಯದವನಾಗ್ತಾನೆ. ಅದೇ ಪೊರಕೆ, ಅದೇ ನೆಲ. ಅಂಕಿಅಂಶದಲ್ಲಿ ಸೇವಾ ವಲಯ ಬೆಳೀತು, ಅವನ ಕೆಲಸದ ಖಾತ್ರಿ ಹೋಯ್ತು.

ಹೋದ ಕಾರ್ಖಾನೆಗೆ ಅಳುತ್ತಾ ಕೂತರೆ ಆಗಲ್ಲ. ವರ್ಷವಿಡೀ ನಡೆಯೋ ಕೆಲಸಕ್ಕೆ ಗುತ್ತಿಗೆ ಬೇಡ, ಖಾಯಂ ಮಾಡಿ ಅನ್ನೋಣ. ಖಾಸಗಿ ವಲಯದಲ್ಲೂ ಮೀಸಲಾತಿ ಕೇಳೋಣ. ಕೇರಿಯ ಮಕ್ಕಳಿಗೆ ಒಳ್ಳೆ ಇಂಗ್ಲಿಷ್ ಕಲಿಸಿ ಅಂತ ಸರ್ಕಾರಿ ಶಾಲೆಯ ಬಾಗಿಲಲ್ಲಿ ಕೂರೋಣ. ಸೇವೆ ಮಾಡಿದ್ದು ಸಾಕು, ನಮ್ಮ ಪಾಲು ಎಣಿಸಿ ಕೊಡಿ.

ಜೈ ಭೀಮ್.