ಹಸುರು ಹಾಸಿನ ಕೆಳಗಿನ ಜೀತ

(ಪುಣೆಯ ವಿಮಾನ ನಗರದಲ್ಲಿ ಸೇರಿದ್ದ ಕನ್ನಡ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ನಾವು ಓದಿದ್ದು ಏಳನೆಯ ತರಗತಿಯವರೆಗೆ. ಉಳಿದದ್ದನ್ನು ಹೋಟೆಲಿನ ಟೇಬಲ್ ಒರೆಸುತ್ತ ಕಲಿತೆವು. ಮಾತಿನಲ್ಲಿ ತಪ್ಪಿದ್ದರೆ ಹಿರಿಯರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಈ ವಿಮಾನ ನಗರವನ್ನು ತಾವೆಲ್ಲ ಬಲ್ಲಿರಿ. ದೊಡ್ಡ ಕಚೇರಿಗಳು, ದೊಡ್ಡ ಹೋಟೆಲುಗಳು, ಮುಗಿಲು ಮುಟ್ಟುವ ವಸತಿ ಕಟ್ಟಡಗಳು. ಪ್ರತಿಯೊಂದರ ಮುಂದೂ ರತ್ನಗಂಬಳಿಯಂತೆ ಹಸುರು ಹುಲ್ಲು. ಆ ಹುಲ್ಲು ತಾನಾಗಿ ಹುಟ್ಟಿದ್ದಲ್ಲ. ಲಾರಿಯಲ್ಲಿ ಮಣ್ಣು ತಂದು, ಕಲ್ಲು ಆರಿಸಿ, ಗೊಬ್ಬರ ಬೆರೆಸಿ, ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕುಳಿತು ಒಂದೊಂದೇ ತುಂಡು ಕೂಡಿಸುವವರಿದ್ದಾರೆ. ಇಂದು ಅವರ ವಿಷಯವಾಗಿ ನಾಲ್ಕು ಮಾತು ಹೇಳಲು ನಿಂತಿದ್ದೇವೆ.

ಹೋಟೆಲಿನವರಿಗೆ, ಗಿರಣಿಯವರಿಗೆ ತೋಟದವರ ಗೊಡವೆ ಏಕೆ ಎಂದು ತಾವು ಕೇಳಬಹುದು. ನಡೆದುದನ್ನು ಹೇಳುತ್ತೇವೆ.

ನಮ್ಮೊಡನೆ ಕೆಲಸ ಮಾಡುವ ಹುಡುಗನೊಬ್ಬ ಒಂದು ಕಟ್ಟಡಕ್ಕೆ ಚಹಾ ಒಯ್ದಿದ್ದ. ಅಲ್ಲಿ ಒಬ್ಬ ಹೆಣ್ಣುಮಗಳು ಸಸಿಗಳನ್ನು ಕನ್ನಡದಲ್ಲಿ ಎಣಿಸುತ್ತಿದ್ದಳು. 'ಯಾವೂರು ಅಕ್ಕಾ?' ಎಂದು ಕೇಳಿದ. ಯಾದಗಿರಿ ಕಡೆಯವಳು. ಗಂಡ ಹೆಂಡತಿ ಇಬ್ಬರೂ 40,000 ರೂಪಾಯಿ ಮುಂಗಡ ಪಡೆದು ಮುಕಾದಮನ ಹಿಂದೆ ಬಂದವರು. ಆರು ತಿಂಗಳಾಗಿತ್ತು. 'ಇನ್ನಾ ಹದಿನೆಂಟು ಸಾವಿರ ನಮ್ಮ ಮ್ಯಾಲೆ ಬಾಕಿ ಅದ ಅಂತಾನ್ರಿ ಮುಕಾದಮ. ತೀರಿಸೋ ತನಕ ಊರಿಗಿ ಹೋಗಂಗಿಲ್ರಿ' ಎಂದಳು. ಇಬ್ಬರ ಆಧಾರ್ ಕಾರ್ಡೂ ಮುಕಾದಮನ ಪೆಟ್ಟಿಗೆಯಲ್ಲಿದ್ದವು.

ರಾತ್ರಿ ಅವರ ತಗಡಿನ ಶೆಡ್ಡಿನಲ್ಲಿ ಕುಳಿತು ಲೆಕ್ಕ ಹಾಕಿದೆವು. ಜೋಡಿಗೆ ದಿನಕ್ಕೆ 700 ರೂಪಾಯಿ ಎಂದು ಮಾತಾಗಿತ್ತು. ತಿಂಗಳಿಗೆ 26 ದಿನದಂತೆ ಆರು ತಿಂಗಳಿಗೆ 1,09,200. ವಾರಕ್ಕೆ 1,500ರಂತೆ 26 ವಾರ ಖರ್ಚಿಗೆ ಕೊಟ್ಟದ್ದು 39,000. ಮುಂಗಡ 40,000. ಎಲ್ಲ ಕಳೆದರೂ ಅವರಿಗೇ 30,200 ರೂಪಾಯಿ ಬರಬೇಕು! ಮುಕಾದಮನ ಪುಸ್ತಕದಲ್ಲಿ ಮಾತ್ರ ಬೇರೆ ಬರಹವಿತ್ತು: ಶೆಡ್ಡಿನ ಬಾಡಿಗೆ 12,000, ಒಣಗಿದ ಗಿಡಗಳ ಬೆಲೆ 11,000, ಜ್ವರ ಬಂದು ಮಲಗಿದ ದಿನಗಳ ದಂಡ 10,200, ಮುಂಗಡದ ಮೇಲೆ ಬಡ್ಡಿ 15,000. ನೀರು ಬಿಡದ ಟ್ಯಾಂಕರಿನವನ ತಪ್ಪಿಗೆ ಗಿಡ ಒಣಗಿದರೆ ಅದರ ಬೆಲೆ ನೆಟ್ಟವಳ ತಲೆಯ ಮೇಲೆ!

ಬಾಂಧವರೇ, ಆ ಪುಸ್ತಕ ನೋಡಿದಾಗ ನಮ್ಮ ಬಾಲ್ಯವೇ ಕಣ್ಣ ಮುಂದೆ ಬಂತು. ಚಿಕ್ಕಂದಿನಲ್ಲಿ ನಾವು ದುಡಿದ ಒಂದು ಹೋಟೆಲಿನಲ್ಲಿ ಸಂಬಳ ಕೇಳಿದರೆ 'ಲೆಕ್ಕದಲ್ಲಿದೆ' ಎನ್ನುತ್ತಿದ್ದರು. ಒಡೆದ ಗ್ಲಾಸು, ತಿಂದ ಊಟ, ಊರಿಗೆ ಮಾಡಿದ ಫೋನು ಎಲ್ಲ ಅದೇ ಲೆಕ್ಕದಲ್ಲಿ. ಮೂರು ವರ್ಷದ ಮೇಲೆ ಬಿಟ್ಟು ಹೊರಟಾಗ ಕೈಗೆ ಸಿಕ್ಕಿದ್ದು ಬಸ್ಸಿನ ಚಾರ್ಜು ಮಾತ್ರ. ಅಲ್ಲಿ ಗ್ಲಾಸು, ಇಲ್ಲಿ ಗಿಡ, ಹಗ್ಗ ಒಂದೇ.

ಈ ಹಗ್ಗಕ್ಕೆ ಕಾನೂನಿನಲ್ಲಿ ಹೆಸರಿದೆ. ಅದರ ಹೆಸರು ಜೀತ. ಸಂವಿಧಾನದ 23ನೆಯ ವಿಧಿ ಬಲಾತ್ಕಾರದ ದುಡಿಮೆಯನ್ನು ನಿಷೇಧಿಸಿದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಮುಂಗಡ ಕೊಡುವುದೇ ಅಪರಾಧವಲ್ಲ. ಆದರೆ ಆ ಮುಂಗಡದ ಹೆಸರಿನಲ್ಲಿ ಬೇರೆ ಕೆಲಸಕ್ಕೆ ಹೋಗಬೇಡ, ಊರಿಗೆ ಹೋಗಬೇಡ ಎಂದು ಹಿಡಿದು ದುಡಿಸಿದರೆ ಅದು ಜೀತ. ಜೀತದ ಸಾಲವನ್ನು ತೀರಿಸಬೇಕಾದ್ದಿಲ್ಲ; ಕಾಯ್ದೆಯೇ ಅದನ್ನು ಅಳಿಸಿದೆ. ಇದು ಜೀತದ ಸಾಲ ಎಂದು ಕೂಲಿಕಾರ ಹೇಳಿದರೆ, ಅಲ್ಲವೆಂದು ರುಜುವಾತು ಮಾಡಬೇಕಾದವನು ಸಾಲ ಕೊಟ್ಟವನು. ಜೀತ ಮಾಡಿಸಿದವನಿಗೆ ಮೂರು ವರ್ಷದವರೆಗೆ ಸಜೆಯುಂಟು.

ದೆಹಲಿಯ ಏಷ್ಯನ್ ಕ್ರೀಡೆಗಳಿಗಾಗಿ ಕಟ್ಟಡ ಕಟ್ಟಿದ ಕೂಲಿಕಾರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1982ರಲ್ಲಿ ಇನ್ನೊಂದು ದೊಡ್ಡ ಮಾತು ಹೇಳಿತು: ಕೋಲು ಹಿಡಿದು ದುಡಿಸುವುದು ಮಾತ್ರ ಬಲಾತ್ಕಾರವಲ್ಲ, ಹಸಿವಿನ ಒತ್ತಾಯಕ್ಕೆ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಬಲಾತ್ಕಾರದ ದುಡಿಮೆಯೇ. 'ಅವರೇ ಒಪ್ಪಿ ಬಂದರು' ಎಂಬ ಮುಕಾದಮನ ಮಾತಿಗೆ ಇದೇ ಉತ್ತರ.

ಮುಂದೇನಾಯಿತು ಕೇಳಿರಿ. ಗುತ್ತಿಗೆದಾರನ ಬಳಿ ಹೋದೆವು. ಅದು ಮುಕಾದಮನ ವ್ಯವಹಾರ ಎಂದ. ಮುಕಾದಮನನ್ನು ಕೇಳಿದರೆ ಗುತ್ತಿಗೆದಾರ ಬಿಲ್ಲು ಕೊಟ್ಟಿಲ್ಲ ಎಂದ. ಕೊನೆಗೆ ಎರಡೂ ಲೆಕ್ಕವನ್ನು ಆ ಕಟ್ಟಡದ ಕಮಿಟಿಯವರ ಮುಂದಿಟ್ಟೆವು. ಅವರಿಗೆ ಹುಲ್ಲಿನ ಬೆಲೆ ಗೊತ್ತಿತ್ತು, ಹಾಸಿದವರ ಕೂಲಿ ಗೊತ್ತಿರಲಿಲ್ಲ. ಗುತ್ತಿಗೆದಾರನ ಬಿಲ್ಲು ತಡೆದರು. ಹದಿನೈದನೆಯ ದಿನ ಆಧಾರ್ ಕಾರ್ಡುಗಳೂ 20,000 ರೂಪಾಯಿಯೂ ಕೈಗೆ ಬಂದವು. ಉಳಿದ 10,200 ಇನ್ನೂ ಬಂದಿಲ್ಲ.

ನಮ್ಮ ತಪ್ಪನ್ನೂ ಹೇಳಬೇಕು. ನಾವು ಜಿಲ್ಲಾ ಕಲೆಕ್ಟರರ ಕಚೇರಿಗೆ ಹೋಗಲಿಲ್ಲ. ಹೋಗಬೇಕಾಗಿತ್ತು. ಜೀತ ವಿಮುಕ್ತಿಯ ಪತ್ರ ಕೊಡುವವರು ಅಲ್ಲಿಯವರೇ. ಆ ಪತ್ರವಿದ್ದರೆ ಕೇಂದ್ರ ಯೋಜನೆಯಂತೆ ಪುನರ್ವಸತಿಯ ನೆರವು ಕೇಳಬಹುದು. ಗಂಡಸಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ ಎಂದು ಅದರಲ್ಲಿ ಗೊತ್ತುಮಾಡಿದೆ. ಅವಸರದಲ್ಲಿ ರಾಜಿ ಮಾಡಿಕೊಂಡು ಆ ದಂಪತಿಗಳ ಹಕ್ಕನ್ನು ನಾವೇ ಕಡಿಮೆ ಮಾಡಿದೆವು. ಮುಂದೆ ಹಾಗಾಗಬಾರದು.

ಇದು ನಮ್ಮೂರಿನ ಗೋಳು ಮಾತ್ರವಲ್ಲ. 2021ರಲ್ಲಿ ಜಗತ್ತಿನಲ್ಲಿ 2 ಕೋಟಿ 76 ಲಕ್ಷ ಜನ ಬಲಾತ್ಕಾರದ ದುಡಿಮೆಯಲ್ಲಿದ್ದರೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅಂದಾಜು ಮಾಡಿದೆ. ಬ್ರಿಟನ್ನಿನಲ್ಲಿ 2015ರ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ತಮ್ಮ ಕೆಲಸದಲ್ಲೂ, ತಮಗೆ ಸರಕು ಒದಗಿಸುವವರಲ್ಲೂ ಗುಲಾಮಗಿರಿ ತಡೆಯಲು ಏನು ಮಾಡಿದೆವೆಂದು ವರ್ಷಕ್ಕೊಮ್ಮೆ ಬರೆದು ಪ್ರಕಟಿಸಬೇಕು. ವಿಮಾನ ನಗರದಲ್ಲೂ ಹೊರದೇಶದ ಕಂಪನಿಗಳ ಕಚೇರಿಗಳಿವೆ. ಅಲ್ಲಿ ಬರೆದ ಮಾತು ಇಲ್ಲಿನ ತೋಟದ ತನಕ ಬಂದಿದೆಯೇ ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪೇನು?

ಕೇಳಿದರೆ ಆಗುತ್ತದೆಯೇ ಎಂದು ಅನುಮಾನವಿದ್ದರೆ ಹಿಂದಿನದನ್ನು ನೆನೆಯಿರಿ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ವಾರದ ರಜೆ ಬಂದದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಕೇಳಿದ ಮೇಲೆ. ಇದೇ ಪುಣೆಯಲ್ಲಿ ಬಾಬಾ ಆಢಾವರು ಹೊರೆ ಹೊರುವವರನ್ನು ಕೂಡಿಸಿ ಹಮಾಲ ಪಂಚಾಯತಿ ಕಟ್ಟಿದರು. 1969ರ ಮಾಥಾಡಿ ಕಾಯ್ದೆಯಿಂದ ಹಮಾಲರ ಕೂಲಿ ಟೋಳಿ ನಾಯಕನ ಜೇಬಿಗೆ ಹೋಗದೆ ಮಂಡಳಿಯ ಮೂಲಕ ಬರುವ ದಾರಿಯಾಯಿತು. ನಡುವಿನ ಕೈ ತಪ್ಪಿದರೆ ಅರ್ಧ ಜೀತ ತಪ್ಪಿದಂತೆ.

ಆದುದರಿಂದ ನಮ್ಮ ಬಿನ್ನಹ ಇಷ್ಟು. ಊರಿಂದ ಬರುವ ನೆಂಟರಿಷ್ಟರಿಗೆ ಹೇಳಿರಿ: ಎರಡು ರೂಪಾಯಿ ಹೆಚ್ಚು ಮುಂಗಡ ಸಿಕ್ಕಿತೆಂದು ಹಿಗ್ಗಬೇಡಿ, ಕೂಲಿಯ ದರ ಮೊದಲು ಗೊತ್ತುಮಾಡಿಕೊಳ್ಳಿ. ಹಾಜರಿಯ ಲೆಕ್ಕ ನಿಮ್ಮ ಪುಸ್ತಕದಲ್ಲೂ ಇರಲಿ. ಬರೆಯಲು ಬಾರದವರು ಗೀಟು ಹಾಕಲಿ. ಆಧಾರ್ ಕಾರ್ಡು ಯಾರ ಕೈಗೂ ಒತ್ತೆ ಇಡಬೇಡಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಂತೆ ಹೆಚ್ಚು ಹೊತ್ತಿನ ದುಡಿಮೆಗೆ ಎರಡರಷ್ಟು ಕೂಲಿ ಕೊಡಬೇಕು, ಕೂಲಿಯ ಅರ್ಧಕ್ಕಿಂತ ಹೆಚ್ಚು ಕಡಿತ ಮಾಡುವಂತಿಲ್ಲ. ಇದನ್ನು ಬಾಯಿಪಾಠ ಮಾಡಿರಿ.

ಇನ್ನು ಹೋಟೆಲಿನ ತಮ್ಮಂದಿರೇ, ನಿಮಗೊಂದು ಮಾತು. ಅಧಿಕಾರಿ ಹೋಗದ ಜಾಗಕ್ಕೆ ಚಹಾದ ಕಿಟ್ಲಿ ಹೋಗುತ್ತದೆ. ಗ್ಲಾಸು ಕೊಡುವಾಗ ಎರಡು ಮಾತು ಕೇಳಿರಿ: 'ಯಾವೂರು? ಊರಿಗೆ ಯಾವಾಗ ಹೋಗ್ತೀರಿ?' ಎರಡನೆಯ ಪ್ರಶ್ನೆಗೆ ಉತ್ತರ ಬಾರದಿದ್ದರೆ ನಮಗೆ ಬಂದು ತಿಳಿಸಿರಿ. ಉಳಿದದ್ದನ್ನು ಎಲ್ಲರೂ ಕೂಡಿ ನೋಡಿಕೊಳ್ಳೋಣ.